ಹೆಸರು ಬರೆಸಿ, ಒಂದೇ ಬ್ಯಾಗ್ ತನ್ನಿ

ಎಂ.ಎಸ್. ಓದಲು ಲಾಸ್ ಏಂಜಲೀಸಿಗೆ ಬಂದ ಮೊದಲ ವರ್ಷ, ರಜೆಗೆಂದು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಮಗಳಿಗೆ ಶಾಲೆಯಲ್ಲಿ ಒಂದು ಕಾದಂಬರಿ ಪಾಠಕ್ಕಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೈತನೊಬ್ಬನ ಮನೆಯವರು ಯಹೂದಿ ಹುಡುಗಿಯನ್ನು ನಾಜಿಗಳ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಬಚ್ಚಿಟ್ಟು ಕಾಪಾಡುವ ಕಥೆ, ಹದಿಹರೆಯದವರಿಗೆಂದೇ ಬರೆದದ್ದು. ಅವರು ಮಾಡಿದ್ದು ಸರಿಯೇ ತಪ್ಪೇ ಎಂದು ತರಗತಿಯಲ್ಲಿ ಚರ್ಚೆ. ಇವಳ ಪಾಲಿಗೆ ಬಂದದ್ದು ‘ತಪ್ಪು’. ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪುಗಳನ್ನು ಹೊತ್ತು ತಂದವಳು ನಾನು, ಬಿಡುತ್ತೇನೆಯೇ? ಸ್ವಂತ ಮಕ್ಕಳ ಕತ್ತನ್ನು ಒತ್ತೆಯಿಟ್ಟು ಪರರ ಮಗಳನ್ನು ಉಳಿಸುವ ಹಕ್ಕನ್ನು ಆ ಅಪ್ಪನಿಗೆ ಕೊಟ್ಟವರು ಯಾರು ಎಂದು ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ಅವಳು ಗೆದ್ದಳು. “ಅಕ್ಕಾ, ವಿ ವನ್. ಬಟ್ ಯಾರೂ ಕ್ಲ್ಯಾಪ್ ಮಾಡಲಿಲ್ಲ,” ಎಂದಳು. ಚಪ್ಪಾಳೆ ವಾದವಲ್ಲ ಎಂದೆ.

ಅದೇ ವರ್ಷ ಲಾಸ್ ಏಂಜಲೀಸಿನ ಅಂಚಿನ ಚಾಟ್ಸ್‌ವರ್ತ್‌ನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ರೂಮು ಹಿಡಿದೆ. ಅಜ್ಜಿ ಎಂಬುದು ಮನಸ್ಸಿನಲ್ಲಿ ಮಾತ್ರ; ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಎಂಬತ್ತು ದಾಟಿದ ಯಹೂದಿ ಹೆಂಗಸು. ಏಳನೆಯ ವಯಸ್ಸಿನಲ್ಲಿ ಅವರನ್ನೂ ಯಾರೋ ಆಲೂಗಡ್ಡೆ ತುಂಬಿಡುವ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದರು. ಇದು ತಿಳಿದ ದಿನ ಆ ಚರ್ಚೆಯ ಸಂಗತಿಯನ್ನು ಹೇಳಿಬಿಟ್ಟೆ. ಮನೆಯಿಂದ ಹೊರಗೆ ಹಾಕುತ್ತಾರೆ ಎಂದುಕೊಂಡರೆ ನಕ್ಕರು.

“ಆ ಪುಸ್ತಕಗಳಲ್ಲಿ ಬಚ್ಚಿಟ್ಟ ಹುಡುಗಿ ಯಾವಾಗಲೂ ಒಳ್ಳೆಯವಳು. ನಾನು ಆ ಮನೆಯ ಹುಡುಗಿಯ ಕೈ ಕಚ್ಚಿದ್ದೆ.”

“ಯಾಕೆ?”

“ಅವಳು ಕಿಟಕಿ ಹತ್ತಿರ ನಿಂತ್ಕೋಬಹುದಿತ್ತು.”



ಎರಡನೆಯ ವರ್ಷದ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು. ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿದ್ದ ಮಗಳು ವಾರಕ್ಕೊಮ್ಮೆ ಬಂದು ಮಾತ್ರೆಗಳ ಡಬ್ಬಿ ತುಂಬಿಸಿ ಹೋಗುತ್ತಿದ್ದರು. ನಡುವಿನ ದಿನಗಳಲ್ಲಿ ಅಜ್ಜಿ ನನ್ನ ಪಾಲು.

ಆ ಶರತ್ಕಾಲದ ಒಂದು ಬೆಳಗ್ಗೆ ಬಿಸಿಗಾಳಿ ಎದ್ದು, ಮನೆಯ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಹತ್ತು ಗಂಟೆಗೆ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎದುರು ಮನೆಯವರು ಎರಡು ಕುದುರೆಗಳನ್ನು ಹಿಡಿದುಕೊಂಡು ನಡುರಸ್ತೆಯಲ್ಲಿ ಓಡುತ್ತಿದ್ದರು. ಪೊಲೀಸರ ಗಾಡಿ ಮೈಕಿನಲ್ಲಿ ಕೂಗುತ್ತಾ ಬಂತು: ಎಲ್ಲರೂ ಈಗಲೇ ಹೊರಡಬೇಕು. ಎರಡು ಬೀದಿ ಆಚೆಗಿದ್ದ ನಮ್ಮ ಕನ್ನಡ ಕೂಟದ ಡಾಕ್ಟರ್ ಅಂಕಲ್, ರಿಟೈರ್ ಆದವರು, ಕಾರು ತಂದು ನಿಲ್ಲಿಸಿದರು. ಕೂಟದ ಪಿಕ್‌ನಿಕ್ಕಿಗೆ ಯಾರು ಬಿಸಿಬೇಳೆಬಾತು ತರಬೇಕೆಂದು ಪಟ್ಟಿ ಮಾಡುವವರು ಅವರೇ.

“ಬೇಗ ಬಾಮ್ಮ! ಸ್ಕೂಲ್ ಜಿಮ್ಮಲ್ಲಿ ಜಾಗ ಕೊಡ್ತಿದಾರಂತೆ. ಮೊದ್ಲು ಹೋಗಿ ಹೆಸರು ಬರೆಸಿಬಿಡೋಣ.”

ಹೆಸರು ಬರೆಸುವುದು! ನಮ್ಮವರಿಗೆ ಅದಕ್ಕಿಂತ ಸಮಾಧಾನದ ಮಾತಿಲ್ಲ. ರೇಷನ್ನಾಗಲಿ, ಕಾಲೇಜು ಸೀಟಾಗಲಿ, ಮದುವೆ ಛತ್ರವಾಗಲಿ, ಹೆಸರು ಬರೆಸಿದರೆ ಅರ್ಧ ಕೆಲಸ ಆದಂತೆ. ನಾನೂ ಅದೇ ಸಮಾಧಾನದಲ್ಲಿ ಒಳಗೆ ಮುಖ ಮಾಡಿ ಕೂಗಿದೆ: “ಪೊಲೀಸರು ಬಂದಿದ್ದಾರೆ! ನಿಮ್ಮ ಹೆಸರು ಪಟ್ಟಿಗೆ ಸೇರಿಸುತ್ತೇವೆ. ಒಂದೇ ಒಂದು ಬ್ಯಾಗ್ ತನ್ನಿ!”

ಒಳಗೆ ಬಾಗಿಲೊಂದು ಮುಚ್ಚಿದ ಸದ್ದಾಯಿತು. ಪೊಲೀಸ್, ಪಟ್ಟಿ, ಒಂದೇ ಬ್ಯಾಗ್. ಆ ಯುದ್ಧದಲ್ಲಿ ಯಹೂದಿಗಳನ್ನು ಹಿಡಿದೊಯ್ಯಲು ಬಂದವರ ಮಾತುಗಳೂ ಇವೇ. ನಾನು ಏನು ಹೇಳಿದ್ದೆನೆಂದು ಆಗ ಹೊಳೆಯಿತು.

ಅಜ್ಜಿ ಹಜಾರದಲ್ಲಿ ಕೋಟುಗಳನ್ನು ತೂಗುಹಾಕುವ ಗೂಡಿನೊಳಗೆ ಸೇರಿ, ಬಾಗಿಲನ್ನು ಒಳಗಿನಿಂದ ಹಿಡಿದೆಳೆದುಕೊಂಡಿದ್ದರು. ಎಳೆದೆ. ಎಂಬತ್ತು ದಾಟಿದ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ, ಬಿಡಲಿಲ್ಲ. ಬಲವಂತ ಮಾಡಿದ್ದರೆ ಆ ಬೆರಳುಗಳು ಮುರಿಯುತ್ತಿದ್ದವು. ವಾದಕ್ಕಿಳಿದೆ. ಯುದ್ಧ ಮುಗಿದು ಎಪ್ಪತ್ತು ವರ್ಷ ದಾಟಿತು ಎಂದೆ. ಇದು ಕ್ಯಾಲಿಫೋರ್ನಿಯಾ ಎಂದೆ. ಹೊಗೆ ಬರುತ್ತಿದೆ, ಮೂಗಿಗೇ ಸಾಕ್ಷಿ ಸಿಗುತ್ತಿದೆ ಎಂದೆ. ಕೊನೆಗೆ ಬರಿದೇ ಅತ್ತೆ. ಅದನ್ನು ಯಾವ ತೀರ್ಪುಗಾರರ ಮುಂದೆಯೂ ಮಾಡಿದವಳಲ್ಲ. ಪೊಲೀಸರನ್ನೇ ಕರೆಯೋಣವೆಂದರೆ, ಸಮವಸ್ತ್ರ ತೊಟ್ಟವರು ಬಂದು ಈ ಬಾಗಿಲನ್ನು ಒಡೆಯುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಹೊರಗಿನಿಂದ ಅಂಕಲ್: “ಏನಮ್ಮಾ ಇದು, ಬೆಂಕಿ ಮುಂದೆ ಕಣ್ಣಾಮುಚ್ಚಾಲೆ ಆಡ್ತಿದೀರಾ ಇಬ್ರೂ?”

ಗೂಡಿನೊಳಗಿಂದ ಪಿಸುದನಿ ಬಂತು. “ಶ್! ಹುಡುಗೀ, ಕೂಗಬೇಡ. ನಿನ್ನ ದನಿ ಅವರಿಗೆ ಕೇಳಿಸುತ್ತೆ.”

ನನ್ನ ದನಿ. ತಾನು ಸಿಕ್ಕಿಬೀಳುತ್ತೇನೆಂಬ ಭಯವಲ್ಲ, ನಾನು ಸಿಕ್ಕಿಬೀಳುತ್ತೇನೆಂಬ ಭಯ. ಇದಕ್ಕೆ ಏನು ಮಾಡಬೇಕೆಂದು ಯೋಚಿಸಿದೆನೆಂದರೆ ಸುಳ್ಳಾದೀತು. ಬಾಯಿಗೆ ಬಂದದ್ದನ್ನು ಹೇಳಿದೆ: “ಅವರು ಹುಡುಕುತ್ತಿರುವುದು ನನ್ನನ್ನ. ನನ್ನನ್ನ ಬಚ್ಚಿಡಿ.”

ಬಾಗಿಲು ತೆರೆಯಿತು. ಕತ್ತಲಲ್ಲಿ ಕೈಯೊಂದು ನನ್ನನ್ನು ಒಳಗೆಳೆದುಕೊಂಡಿತು. ಹಳೆಯ ಉಣ್ಣೆಯ ವಾಸನೆ. ನನ್ನ ಬಾಯಿಯ ಮೇಲೆ ಅವರ ಒಣ ಅಂಗೈ. “ಇಲ್ಲಿ ಆಗಲ್ಲ, ಇಲ್ಲಿ ಹುಡುಕಿಬಿಡ್ತಾರೆ,” ಎಂದು ಆ ಅಂಗೈಯೊಳಗೇ ಹೇಳಿದೆ. “ಹಿಂದಿನ ಬಾಗಿಲಲ್ಲಿ ನನ್ನ ಕಡೆಯವರು ಒಬ್ಬರಿದ್ದಾರೆ. ಕಾರಿದೆ. ದಾಟಿಸಿ ನನ್ನನ್ನ.” ಅಂಕಲ್‌ಗೆ ಕಾರು ಹಿಂದೆ ತನ್ನಿ ಎಂದು ಫೋನಿನಲ್ಲಿ ಒತ್ತಿದೆ. ಅಜ್ಜಿ ಒಂದು ಕೋಟನ್ನು ನನ್ನ ತಲೆಯ ಮೇಲೆ ಹೊದಿಸಿದರು. ತಾವೇ ಮುಂದಾಗಿ, ಅಡುಗೆಮನೆಯ ಗೋಡೆಗೆ ಆತುಕೊಂಡು, ನನ್ನ ಮಣಿಕಟ್ಟನ್ನು ಹಿಡಿದು ನಡೆಸಿದರು. ಅಷ್ಟು ಚುರುಕಾಗಿ ಅವರು ನಡೆದದ್ದನ್ನು ನಾನು ನೋಡಿರಲಿಲ್ಲ.

ಕಾರಿನಲ್ಲಿ ನನ್ನನ್ನು ಸೀಟಿನ ಕೆಳಗೆ ಒತ್ತಿ, ಕೋಟು ಮುಚ್ಚಿ, ಅದರ ಮೇಲೆ ಕಾಲಿಟ್ಟುಕೊಂಡು ಕೂತರು.

“ಮೂರು ಜನ ಅಂತ ಹೇಳ್ಲಾ?” ಎಂದರು ಅಂಕಲ್, ಕನ್ನಡದಲ್ಲಿ. ಮುಂದೆ ರಸ್ತೆಗೆ ಅಡ್ಡಲಾಗಿ ಪೊಲೀಸರು ನಿಂತಿದ್ದರು.

“ಇಬ್ರು ಅನ್ನಿ ಅಂಕಲ್, ದಮ್ಮಯ್ಯ.”

“ಪೊಲೀಸ್‌ಗೆ ಸುಳ್ಳಾ? ನನ್ನ ಸಿಟಿಜನ್‌ಶಿಪ್ಪು...”

“ಅಂಕಲ್!”

ಕಿಟಕಿ ಇಳಿಯಿತು. ಎಷ್ಟು ಜನ ಎಂದು ಕೇಳಿದ ಗಂಡು ದನಿ ಮೆತ್ತಗೇ ಇತ್ತು. ಅಜ್ಜಿ ನನ್ನ ಬೆನ್ನಿನ ಮೇಲೆ ಪಾದಗಳನ್ನು ಇನ್ನಷ್ಟು ಒತ್ತಿದರು. “ಇಬ್ಬರು,” ಎಂದರು, ಸ್ವಲ್ಪವೂ ತಡವರಿಸದೆ. ಅಂಕಲ್ ಕೆಮ್ಮಿ, “ಇಬ್ಬರೇ ಸರ್,” ಎಂದರು. ಕೋಟಿನ ಕೆಳಗೆ ಉಸಿರು ಕಟ್ಟಿತ್ತು. ಹೊಗೆ ಗಂಟಲಿಗಿಳಿದು ಕೆಮ್ಮು ಬರುವಂತಾಗಿ ನನ್ನ ಕೈಯನ್ನು ನಾನೇ ಕಚ್ಚಿ ಹಿಡಿದೆ. ನನ್ನನ್ನು ಯಾರೂ ಹುಡುಕುತ್ತಿಲ್ಲ ಎಂದು ಗೊತ್ತಿದ್ದೂ ಕಚ್ಚಿ ಹಿಡಿದೆ.

ಮನೆ ಉಳಿಯಿತು. ಅಜ್ಜಿ ಅಲ್ಲಿಗೆ ಮರಳಲಿಲ್ಲ. ಮಗಳು ಕಾರ್ಮೆಲ್ ವ್ಯಾಲಿಗೆ ಕರೆದೊಯ್ದರು. ತಿಂಗಳ ನಂತರ ಅವರಿಂದ ಫೋನು. ಅಮ್ಮ ದಿನವೂ ಬ್ರೆಡ್ಡಿನಲ್ಲಿ ಅರ್ಧ ಎತ್ತಿ ದಿಂಬಿನ ಕೆಳಗಿಡುತ್ತಾರೆ, ಕೇಳಿದರೆ ‘ಆ ಹುಡುಗಿಗೆ’ ಎನ್ನುತ್ತಾರೆ, ಪೋಸ್ಟ್‌ಮ್ಯಾನ್ ಬಂದರೆ ಪರದೆ ಎಳೆಯುತ್ತಾರೆ, ಮಲಗುವುದೇ ಇಲ್ಲ. “ನೀವು ಏನು ಹೇಳಿದ್ದಿರೋ, ದಯವಿಟ್ಟು ಬಂದು ಅದನ್ನು ಅಳಿಸಿ,” ಎಂದರು. ಬೈಗುಳವಿರಲಿಲ್ಲ ಆ ದನಿಯಲ್ಲಿ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ: ಸುಳ್ಳು ಹೇಳದಿದ್ದರೆ ನಿಮ್ಮಮ್ಮ ಆ ಗೂಡಿನಲ್ಲೇ ಇರುತ್ತಿದ್ದರು. ಸರಿಯಾದ ವಾದವೇ. ನಿದ್ದೆಯಿಲ್ಲದ ಮುದುಕಿಯ ಮುಂದೆ ಅದನ್ನು ಇಟ್ಟುಕೊಂಡು ಮಾಡುವುದೇನು?

ಹೋದೆ. ಅಜ್ಜಿ ಇಳಿದುಹೋಗಿದ್ದರು. ನನ್ನನ್ನು ನೋಡಿದೊಡನೆ ಎದ್ದು ಬಾಗಿಲು ಹಾಕಿ, ಕಿಟಕಿಯಿಂದ ದೂರದ ಕುರ್ಚಿ ತೋರಿಸಿದರು. ಬಸ್ಸಿನಲ್ಲಿ ಮೂರು ಗಂಟೆ ಉರುಹೊಡೆದದ್ದನ್ನು ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದೆ. “ನನ್ನನ್ನ ಯಾರೂ ಹುಡುಕುತ್ತಿಲ್ಲ. ಅವತ್ತು ಹೇಳಿದ್ದು ಸುಳ್ಳು. ಬೆಂಕಿ ಬಿದ್ದಿತ್ತು, ಅಷ್ಟೇ. ನಾನು ಓದಲು ಬಂದವಳು. ಇಲ್ಲಿ ಬಚ್ಚಿಟ್ಟುಕೊಳ್ಳುವಂಥವರು ಯಾರೂ ಇಲ್ಲ.”

ಅವರು ಪೂರ್ತಿ ಕೇಳಿದರು. ಆಮೇಲೆ ದಿಂಬಿನ ಕೆಳಗಿನ ಬ್ರೆಡ್ಡನ್ನು ತೆಗೆದು ನನ್ನ ಕೈಗಿಟ್ಟು, ಬೆನ್ನು ತಟ್ಟಿದರು.

“ಚೆನ್ನಾಗಿ ಕಲಿತಿದೀಯ,” ಎಂದರು. “ಯಾರು ಕೇಳಿದರೂ ಹೀಗೇ ಹೇಳು.”