ಮೀಸಲು ಸೀಟಿಗೆ ನಾವು ಆರಿಸಿದವಳು

ನಮ್ಮ ವಾರ್ಡಿನ ಸೀಟು ಮಹಿಳೆಗೆ ಮೀಸಲಾದಾಗ, ಭಾಲ್ಕಿಯ ನಮ್ಮ ಓಣಿಯ ಹೆಂಗಸರಾದ ನಾವು ಯಾರನ್ನೂ ಕೇಳದೆ ಅಭ್ಯರ್ಥಿಯನ್ನು ಆರಿಸಿಬಿಟ್ಟಿದ್ದೆವು: ನನ್ನ ಪಕ್ಕದ ಮನೆಯವಳು, ಭಾತಂಬ್ರಾ ಊರಿನ ಮಗಳು. ಬೇಸಿಗೆಯಲ್ಲಿ ನಲ್ಲಿ ಬತ್ತಿದಾಗ ನಮ್ಮನ್ನೆಲ್ಲ ಕಟ್ಟಿಕೊಂಡು ಹೋಗಿ ಪುರಸಭೆಯ ಬಾಗಿಲಲ್ಲಿ ಖಾಲಿ ಕೊಡ ಇಟ್ಟು ಕೂತವಳು ಅವಳೇ. ಟ್ಯಾಂಕರ್ ಬರುವತನಕ ಏಳಲಿಲ್ಲ.

ನಮ್ಮ ಸಮಾಜದ ಹಿರಿಯರು ಸಮುದಾಯ ಭವನದಲ್ಲಿ ಸಭೆ ಕರೆದರು. ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನೆಯ ಮೇಲೆ ನಾವು. ಒಬ್ಬ ಗುತ್ತಿಗೆದಾರನ ಹೆಂಡತಿಯ ಹೆಸರು ಹೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಸಭೆಗೇ ಬಂದಿರಲಿಲ್ಲ.

ಪಕ್ಕದ ಮನೆಯವಳು ಎದ್ದು ನಿಂತಳು. "ನಾನೂ ನಿಲ್ತೇನಿ ರಿ."

"ನೀ ಯಾಕ ತ್ರಾಸ ತಗೋತಿ, ತಂಗಿ? ಹ್ಯಾಂಗೂ ಕೆಲಸ ಗಂಡಸರೇ ಮಾಡೋದು," ಎಂದರು ಒಬ್ಬ ಹಿರಿಯರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಆ ನಗು ನನ್ನ ಮೈಯೆಲ್ಲ ಉರಿಸಿತು.

ಅವಳು ಪಕ್ಷೇತರಳಾಗಿ ನಾಮಪತ್ರ ಹಾಕಿದಳು. ಮತದಾನದ ಹಿಂದಿನ ದಿನ ಊಟಕ್ಕೆ ಕೂತ ಗಂಡ ಹೇಳಿದರು, "ಮನಿ ಓಟು ಒಂದೇ ಕಡಿ ಬೀಳಬೇಕು ನೋಡು. ಸಮಾಜದ ಮಾತು ಅದ."

"ಸಮಾಜದಾಗ ನಾ ಇಲ್ಲೇನು ರಿ? ನೀರಿಲ್ಲದಾಗ ಆ ಸಮಾಜ ಎಲ್ಲಿ ಹೋಗಿತ್ತು?"

ಅವರು ತಟ್ಟೆ ಸರಿಸಿ ಎದ್ದರು. ನಾನು ಕರೆಯಲಿಲ್ಲ. ಉಳಿದ ರೊಟ್ಟಿಯನ್ನು ಒಬ್ಬಳೇ ಕೂತು ತಿಂದೆ.

ಅವಳು ಸೋತಳು. ನಮ್ಮ ಜೊತೆ ಬಿಸಿಲಲ್ಲಿ ಕೂತಿದ್ದ ಹೆಂಗಸರಲ್ಲೇ ಹಲವರು ಗುತ್ತಿಗೆದಾರನ ಹೆಂಡತಿಗೆ ಓಟು ಒತ್ತಿದ್ದರು. ಎದುರು ಸಿಕ್ಕರೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆಡೆ ನೋಡುತ್ತಿದ್ದರು. ಮುಂದೆ ಅಧ್ಯಕ್ಷರ ಆಯ್ಕೆ. ಗೆದ್ದ ಸದಸ್ಯರು ಕೈಜಾರದಂತೆ ಅವರನ್ನು ಔರಾದ ಕಡೆಯ ಯಾವುದೋ ತೋಟದ ಮನೆಯಲ್ಲಿಟ್ಟು, ಆಯ್ಕೆಯ ದಿನವೇ ಗಾಡಿಯಲ್ಲಿ ಕರೆತಂದರು. ಗುತ್ತಿಗೆದಾರನ ಹೆಂಡತಿ ಅಧ್ಯಕ್ಷೆಯಾದಳು. ಮೊದಲ ಹಾರ ಆಕೆಯ ಗಂಡನ ಕೊರಳಿಗೆ ಬಿತ್ತು.

ಮಳೆಗಾಲದಲ್ಲಿ ಓಣಿಯ ಮೋರಿ ಉಕ್ಕಿ ಮನೆಯೊಳಗೆ ಬಂತು. ನಾನು ಪುರಸಭೆಗೆ ಹೋದೆ. ಅಧ್ಯಕ್ಷರ ಕುರ್ಚಿಯಲ್ಲಿ ಆಕೆಯ ಗಂಡ ಕೂತಿದ್ದ. ಆಕೆ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಳು.

"ಹೇಳ್ರಿ, ಏನ್ ಕೆಲಸ?" ಎಂದ ಅವನು.

"ನಿಮ್ಮ ಹೆಸರಿಗಿ ಓಟ್ ಯಾರ್ ಹಾಕ್ಯಾರ ರಿ? ನಾ ಅಧ್ಯಕ್ಷರಿಗೆ ಹೇಳ್ಲಾಕ ಬಂದೀನಿ."

ಸಿಬ್ಬಂದಿ ಕಡತದಲ್ಲಿ ಮುಖ ಹುದುಗಿಸಿದರು. ನಾನು ಆಕೆಯ ಎದುರು ಹೋಗಿ ನಿಂತೆ. ಆಕೆ ಗಂಡನ ಕಡೆ ನೋಡಿ, ನನಗಷ್ಟೇ ಕೇಳುವಂತೆ ಹೇಳಿದಳು, "ಸಹಿ ಅಷ್ಟೇ ನಂದು, ಅಕ್ಕ. ಅವರಿಗೇ ಹೇಳ್ರಿ."

ಆಕೆಯನ್ನು ಬೈಯಲೆಂದೇ ಹೋದವಳು, ಆ ಮುಖ ನೋಡಿ ಬೈಯಲಾರದೆ ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತಾಗ ಸಿಟ್ಟಿಗೆ ಕಣ್ಣೀರು ಬಂತು.

ಮನೆಯಲ್ಲಿ ಗಂಡ ಕೇಳಿದರು, "ಕೆಲಸ ಆಯ್ತೇನು?"

"ನೀವು ಆರಿಸಿದವರು ಅಲ್ಲಿ ಕುಂತಾರ. ನಾಳೆ ನೀವೇ ಹೋಗ್ರಿ."

ಮರುದಿನ ಹೋದರು. ಮಧ್ಯಾಹ್ನ ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಬರಿಗೈಲಿ ಬಂದರು. ಅಧ್ಯಕ್ಷರು ಇರಲಿಲ್ಲವೇ ಎಂದು ಕೇಳಿದೆ.

"ಆಕಿ ಒಬ್ಬಾಕಿನೇ ಇದ್ದಳು," ಎಂದರು. "ಸಾಹೇಬರು, ಆಕಿ ಗಂಡ, ಬಂದಿರಲಿಲ್ಲ."

ತೊಳೆಯುತ್ತಿದ್ದ ಪಾತ್ರೆಯನ್ನು ಅಲ್ಲೇ ಎಸೆದು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ಹೋದೆ. "ನಡಿ, ಪುರಸಭೆ ಬಾಗಿಲಾಗ ಮತ್ತ ಕುಂದ್ರೂಣು," ಅಂದೆ.