ಆರಿದ ಡಾಂಬರಿಗೆ ಒಡೆದ ಕಾಯಿ

ಹಿರಿಯೂರಿನಿಂದ ಹರಿಯಬ್ಬೆ ಕಡೆಗೆ ಹೋಗುವ ಆ ರಸ್ತೆಯ ತುಂಡು ನನ್ನ ಚೊಚ್ಚಲ ಕೂಸು. ಗುತ್ತಿಗೆ ಬೇರೆಯವರದು, ಬೆವರು ಬೇರೆಯವರದು, ಕಲ್ಲಿನ ಮೇಲೆ ಕೆತ್ತಿದ ಹೆಸರು ಇನ್ಯಾರದೋ. ಆದರೆ ಪಾಕ ನನ್ನದು. ದಪ್ಪ ಜಲ್ಲಿ ಎಷ್ಟು, ಸಣ್ಣದೆಷ್ಟು, ಪುಡಿಯೆಷ್ಟು, ಡಾಂಬರು ಎಷ್ಟು ಎಂದು ಮಿಶ್ರಣ ಕಲಸುವ ಪ್ಲಾಂಟಿನ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಬೇಯಿಸಿದ್ದೆ. ಬೆಂದದ್ದನ್ನು ಬಿಲ್ಲೆ ಮಾಡಿ ಎರಡೂ ಕಡೆ ಎಪ್ಪತ್ತೈದೆಪ್ಪತ್ತೈದು ಪೆಟ್ಟು ಹಾಕಿ, ಒಳಗೆ ಎಷ್ಟು ಗಾಳಿ ಉಳಿಯಿತೆಂದು ಲೆಕ್ಕ ಹಾಕುತ್ತಿದ್ದೆ. ಗಾಳಿ ಹೆಚ್ಚಾದರೆ ನೀರು ನುಗ್ಗಿ ರಸ್ತೆ ಕಿತ್ತು ಬರುತ್ತದೆ. ತೀರಾ ಕಡಿಮೆಯಾದರೆ ಬೇಸಿಗೆಯಲ್ಲಿ ಡಾಂಬರು ಉಕ್ಕುತ್ತದೆ. "ಮುದ್ದೆ ತಿರುವಾಕೆ ಬರಲ್ಲ, ಡಾಂಬರು ಮಾತ್ರ ಚೆನ್ನಾಗಿ ತಿರುವ್ತೀರಿ" ಎಂದು ಹೆಂಡತಿ ಅಂಗಿಯ ಕಲೆ ಉಜ್ಜುತ್ತಾ ಹೇಳುತ್ತಿದ್ದಳು.

ರೋಲರ್ ಓಡಿಸುತ್ತಿದ್ದವರು ಚಿತ್ರದುರ್ಗದ ಸಾಬರು, ನನ್ನ ಅಪ್ಪನ ವಯಸ್ಸು. ಎಲ್ಲರಿಗೂ ಚಾಚಾ. ನನ್ನ ಪಾಕದ ಚೀಟಿಯನ್ನು ಅವರು ಒಮ್ಮೆಯೂ ನೋಡಲಿಲ್ಲ. ಸಲಿಕೆಯಲ್ಲಿ ಒಂದು ಹಿಡಿ ಎತ್ತಿ ಹೊಗೆ ನೋಡಿದರೆ ಅವರಿಗೆ ಹದ ತಿಳಿಯುತ್ತಿತ್ತು. ಇಂಜಿನಿಯರಿಂಗ್ ಓದಿದ ನನಗೆ ಇದರಿಂದ ಸ್ವಲ್ಪ ಉರಿಯುತ್ತಿತ್ತು, ಸುಳ್ಳೇಕೆ.

ಮೊದಲ ದಿನ ಎರಡು ಟಿಪ್ಪರ್ ಬೆಳಿಗ್ಗೆ ಒಂಬತ್ತಕ್ಕೇ ಬಂದು ನಿಂತವು. ಪೂಜೆಯಾಗದೆ ಮೊದಲ ಲೋಡು ಸುರಿಯುವಂತಿಲ್ಲ. ಪೂಜೆಗೆ ಬರಬೇಕಾದ ಅತಿಥಿಗಳು ಹೊಳಲ್ಕೆರೆಯ ಮದುವೆಯಲ್ಲಿದ್ದರು. "ಹೊರಟ್ರು" ಎಂದು ಹತ್ತಕ್ಕೆ ಫೋನು ಬಂತು. ಹನ್ನೊಂದಕ್ಕೆ ಮತ್ತೆ ಹೊರಟರು. ಹನ್ನೆರಡಕ್ಕೆ ಹೊಸದುರ್ಗದಿಂದ ಹೊರಟರು. ಅಲ್ಲಿಗೆ ಯಾವಾಗ ಹೋಗಿದ್ದರೋ ದೇವರೇ ಬಲ್ಲ. ಟಾರ್ಪಾಲಿನಡಿ ನನ್ನ ಪಾಕ ಮಾತ್ರ ಎಲ್ಲಿಗೂ ಹೊರಡದೆ ಆರುತ್ತಿತ್ತು.

ಅವರು ಬಂದಾಗ ಒಂದೂವರೆ. ಥರ್ಮಾಮೀಟರ್ ಚುಚ್ಚಿದೆ. ನೂರ ನಲವತ್ತರ ಹತ್ತಿರ ಇರಬೇಕಾದದ್ದು ಅಂಚಿನಲ್ಲಿ ತೊಂಬತ್ತು ಡಿಗ್ರಿ ದಾಟಲಿಲ್ಲ. ಚಾಚಾ ಸಲಿಕೆ ಹಾಕಿ ನೋಡಿ ಮುಖ ಹಿಂಡಿದರು.

"ಸತ್ತೋಗೈತೆ ಸಾಹೇಬ್ರೆ. ವಾಪಸ್ ಕಳಿಸ್ರಿ. ಆರಿದ್ ಹಿಟ್ಟಲ್ಲಿ ಮುದ್ದೆ ಕಟ್ಟಾಕಾಗ್ತೈತೇನ್ರಿ?"

ಅಷ್ಟರಲ್ಲಿ ಯಾರೋ ನನಗೊಂದು ಶಾಲು ಹೊದಿಸಿದರು. "ಇಂಜಿನಿಯರ್ ಸಾಹೇಬ್ರೂ ಒಂದ್ ಕಾಯಿ ಒಡೀಲಿ" ಎಂದರು. ಫೋಟೋದವನು ಕರೆದ. ಕಾಯಿ ಎರಡು ಹೋಳಾಗಿ ಚೆನ್ನಾಗಿ ಒಡೆಯಿತು. ಎಲ್ಲರೂ ಶುಭ ಎಂದರು. ಶಾಲು ಹೊದ್ದುಕೊಂಡೇ ನಾನು "ನಡೀತದೆ, ಸುರೀರಿ" ಎಂದೆ. ರಿಜಿಸ್ಟರಿನಲ್ಲಿ ದುಂಡಗೆ ನೂರ ನಲವತ್ತು ಡಿಗ್ರಿ ಎಂದು ಬರೆದು ಸಹಿ ಹಾಕಿದೆ. ಚಾಚಾ ನಿಂಬೆಹಣ್ಣುಗಳನ್ನು ಚಕ್ರದಡಿ ಇಟ್ಟು ರೋಲರ್ ಹತ್ತಿದರು. ಮಾಮೂಲಿಗಿಂತ ಹೆಚ್ಚು ಸಲ ಓಡಾಡಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಉಳಿದ ರಸ್ತೆಯೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಪೂಜೆಯಾದ ಜಾಗದಲ್ಲಿ ಮಾತ್ರ ಜಲ್ಲಿ ಎದ್ದು ಗುಂಡಿ ಬಿತ್ತು.

ಗುತ್ತಿಗೆದಾರರು ಬಂದು ಗುಂಡಿ ನೋಡಿದರು. ನನ್ನ ಕೈಯಿಂದ ರಿಜಿಸ್ಟರ್ ತಗೊಂಡು ಓದಿದರು. ನೂರ ನಲವತ್ತು. ಬಿಸಿ ಸರಿಯಿತ್ತೆಂದರೆ ರೋಲರ್ ಸರಿಯಿರಲಿಲ್ಲ, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಾಚಾ ಕಡೆ ತಿರುಗಿದರು.

"ಏನಪ್ಪ, ಆವತ್ತು ರೋಲರ್ ಹೊಡ್ದ್ಯೋ, ನಿದ್ದೆ ಹೊಡ್ದ್ಯೋ? ನಾಳೆಯಿಂದ ಬರ್ಬ್ಯಾಡ."

ಚಾಚಾ ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಸುಮ್ಮನೇ ಇರುತ್ತಿದ್ದೆ. ಆ ವಯಸ್ಸಿನಲ್ಲಿ ಅವರಿಗೆ ಇನ್ಯಾರು ರೋಲರ್ ಕೊಡುತ್ತಾರೆ? ಗುತ್ತಿಗೆದಾರರ ಕೈಯಲ್ಲಿದ್ದ ರಿಜಿಸ್ಟರಿನ ನೂರ ನಲವತ್ತರ ಮೇಲೆ ಬೆರಳಿಟ್ಟೆ.

"ಅದು ಸುಳ್ಳು ಸರ್. ಡಾಂಬರು ಆರಿತ್ತು. ಅವರು ಬೇಡ ಅಂದ್ರು, ನಾನೇ ಹಾಕಿಸ್ದೆ."

ಗುತ್ತಿಗೆದಾರರು ರಿಜಿಸ್ಟರ್ ಮುಚ್ಚಿ ನನ್ನ ಕೈಗಿತ್ತರು. "ಓದಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗ್ರಿ?" ಎಂದು ಕಾರು ಹತ್ತಿದರು. ಅದೇ ತಪ್ಪಿಗೆ ಚಾಚಾಗೆ "ಬರ್ಬ್ಯಾಡ", ನನಗೆ "ಹೆಂಗ್ರಿ". ಚಾಚಾ ಕೆಲಸದಲ್ಲಿ ಉಳಿದರು. ನನ್ನನ್ನಂತೂ ಯಾರೂ ಕಳಿಸಲೇ ಇಲ್ಲ.

ಆ ತುಂಡನ್ನು ಕಿತ್ತು ಮತ್ತೆ ಹಾಕಿದ ದಿನ ಬೆಳಿಗ್ಗೆ ಏಳಕ್ಕೇ ಟಿಪ್ಪರ್ ಬಂತು. ಅತಿಥಿಗಳನ್ನು ಕರೆದಿರಲಿಲ್ಲ. ಗುಂಡಿಯ ಉದ್ಘಾಟನೆಗೆ ಯಾರು ತಾನೇ ಬರುತ್ತಾರೆ? ಚಾಚಾ ಜೇಬಿನಿಂದ ನಿಂಬೆಹಣ್ಣು ತೆಗೆದು ಚಕ್ರದಡಿ ಇಟ್ಟರು, ನನ್ನ ಕೈಗೊಂದು ತೆಂಗಿನಕಾಯಿ ಕೊಟ್ಟರು. ಆಮೇಲೆ ನನ್ನ ಥರ್ಮಾಮೀಟರನ್ನು ತಾವೇ ತಗೊಂಡು ಹೊಗೆಯಾಡುವ ಲೋಡಿಗೆ ಚುಚ್ಚಿ, ಕಣ್ಣು ಕಿರಿದು ಮಾಡಿ ಓದಿದರು.

"ನೂರಾ ನಲವತ್ತೆಂಟು. ಕಾಯಿ ಆಮ್ಯಾಲೆ ಒಡೀರಿ ಸಾಹೇಬ್ರೆ. ಮೊದ್ಲು ನಾನ್ ಹೇಳಿದ್ದು ಬರ್ಕಳ್ರಿ."

ಬರೆದುಕೊಂಡೆ.