ಖಾಲಿ ಬಿಟ್ಟ ಅರ್ಧ ತಾಸು

ಚಾರ್ಜರ್ ಹುಡುಕಲು ಕಪಾಟಿನ ಖಾನೆ ತಡಕಿದವಳ ಕೈಗೆ ಪೆನ್ಸಿಲ್ ಸಿಕ್ಕಿತು. ಒಂದು ತುದಿ ನೀಲಿ, ಇನ್ನೊಂದು ತುದಿ ಕೆಂಪು. ಹಳೆಯ ಆಫೀಸುಗಳಲ್ಲಿ ಇರುತ್ತಿತ್ತಲ್ಲ, ಅಂಥದು. ನೀಲಿ ಸವೆದು ಗಿಡ್ಡಾಗಿದೆ, ಕೆಂಪನ್ನು ಯಾರೂ ಚೂಪು ಮಾಡಿಯೇ ಇಲ್ಲ. ಅದರ ಕೆಳಗೆ ಮಡಚಿದ ಗ್ರಾಫ್ ಹಾಳೆ. ಇಷ್ಟು ವರ್ಷ ಬಿಚ್ಚಿರಲಿಲ್ಲ. ಈಗಲೂ ಧೈರ್ಯವಾಗದೆ ಅಡುಗೆಮನೆಗೆ ಹೋಗಿ ಎರಡನೇ ಸಲ ಚಹಾಕ್ಕಿಟ್ಟೆ.

ನನ್ನದು ಮೊದಲಿನಿಂದಲೂ ಅಂಜುಬುರುಕ ಜೀವ. ಆಗ ನಾನು ಸಂಶೋಧನೆ ಮಾಡುತ್ತ ಪುಣೆಯ ನಿಗಡಿಯಲ್ಲಿ ಬಾಡಿಗೆಗಿದ್ದೆ. ಎದುರು ಬಾಗಿಲಿನ ಕಾಕಾ ಬೆಳಗಾವಿ ಕಡೆಯವರು, ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಗಾಡಿಗಳ ಓಡಾಟ ನೋಡಿಕೊಂಡು ನಿವೃತ್ತರಾದವರು. ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಲ್ಲರ ಜೊತೆ ಮರಾಠಿ. ನಾನು ಧಾರವಾಡದ ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದ ದಿನದಿಂದ ನನ್ನ ಜೊತೆ ಕನ್ನಡ.

ಆ ವರ್ಷ ಸಮುದ್ರದಾಚೆಯ ಒಂದು ಬೆಟ್ಟದ ಮೇಲಿನ ದೊಡ್ಡ ಟೆಲಿಸ್ಕೋಪಿನಲ್ಲಿ ನನಗೆ ಅರ್ಧ ರಾತ್ರಿಯಷ್ಟು ಸಮಯ ಸಿಕ್ಕಿತ್ತು. ಅಲ್ಲಿ ರಾತ್ರಿಯಾದಾಗ ನಮ್ಮಲ್ಲಿ ಹಗಲು, ಪುಣೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ನಡೆಸಬಹುದು. ನೋಡಬೇಕಾದದ್ದು ಐದು ಸೂಪರ್‌ನೋವಾಗಳನ್ನು, ಅಂದರೆ ಬಹುದೂರದ ಗ್ಯಾಲಕ್ಸಿಗಳಲ್ಲಿ ಸಿಡಿದ ನಕ್ಷತ್ರಗಳನ್ನು. ಕೆಲವು ವಾರ ಬೆಳಗಿ ಮಂಕಾಗಿಬಿಡುತ್ತವೆ, ಆಮೇಲೆ ಎಷ್ಟು ಹುಡುಕಿದರೂ ಇಲ್ಲ. ಐದನೆಯದು ಎಲ್ಲಕ್ಕಿಂತ ದೂರದ್ದು, ಎಲ್ಲಕ್ಕಿಂತ ಮಸುಕು. ನನ್ನ ಪ್ರಬಂಧ ಪೂರ್ತಿ ಅದರ ಮೇಲೆಯೇ ನಿಂತಿತ್ತು. ಯಾವುದು ಎಷ್ಟೊತ್ತಿಗೆ ಮೇಲೆ ಬರುತ್ತದೆ, ಯಾವುದಕ್ಕೆ ಎಷ್ಟು ನಿಮಿಷ... ಬರೆದೆ, ಅಳಿಸಿದೆ, ಮತ್ತೆ ಬರೆದೆ. ಒಂದು ವಾರ ಊಟ ಸೇರಲಿಲ್ಲ.

ನನ್ನ ಮುಖ ನೋಡಿ ಒಂದು ಸಂಜೆ ಕಾಕಾ ಒಳಗೆ ಕರೆದರು. ಎಲ್ಲ ಕೇಳಿಕೊಂಡು ಊಟದ ಟೇಬಲ್ಲಿನ ಮೇಲೆ ಗ್ರಾಫ್ ಹಾಳೆ ಹಾಸಿದರು.

"ಟೆಲಿಸ್ಕೋಪ್ ಎಷ್ಟು ಅದಾವು?"

"ಒಂದ ಅದರೀ."

"ಹಂಗಾರ ಇದು ಸಿಂಗಲ್ ಲೈನ್ ನೋಡು ತಂಗಿ. ಒಂದು ಗಾಡಿ ದಾಟಿದ ಮ್ಯಾಲ ಇನ್ನೊಂದು."

ತಮ್ಮ ಪೆನ್ಸಿಲಿನ ನೀಲಿಯಲ್ಲಿ ನಕ್ಷತ್ರಕ್ಕೊಂದರಂತೆ ಐದು ಓರೆ ಗೆರೆ ಎಳೆದರು, ಆಫೀಸಿನಲ್ಲಿ ಗಾಡಿಗಳ ಟೈಮಿಗೆ ಎಳೆಯುತ್ತಿದ್ದ ಹಾಗೆಯೇ. ಐದನೆಯದಾದ ಮೇಲೆ ನನ್ನ ಪಾಳಿ ಮುಗಿಯುವವರೆಗೆ ಅರ್ಧ ತಾಸು ಸುಮ್ಮನೆ ಬಿಟ್ಟರು.

"ಇಷ್ಟು ಖಾಲಿ ಯಾಕ್ರಿ ಕಾಕಾ?"

"ತಡಾ ಆಗತದಲ್ಲ, ಅದಕ್ಕೂ ಕೂಡ್ಲಿಕ್ಕೆ ಜಾಗಾ ಬೇಕು."

ನೀಲಿ ನಾವು ಅಂದುಕೊಂಡದ್ದು, ಕೆಂಪು ಖರೇ ಆದದ್ದು, ಎಲ್ಲ ಮುಗಿದ ಮೇಲೆ ಟೈಮು ತಂದುಕೊಡು, ಇಬ್ಬರೂ ಕೂಡಿ ಕೆಂಪು ಹಾಕೋಣ ಎಂದರು. ಕೆಂಪು ಹಾಕುವ ಮಾತಾಡುವಾಗ ಅವರಿಗೆ ಹುರುಪು ಬಂದಿತ್ತು... ನಿವೃತ್ತರಾಗಿ ಎಷ್ಟು ವರ್ಷವಾಗಿತ್ತೋ.

ನಾನು ಏನು ಮಾಡಿದೆ? ಆ ಟೆಲಿಸ್ಕೋಪಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ, ಈ ಮನುಷ್ಯ ಅರ್ಧ ತಾಸು ಬಿಡು ಅನ್ನುತ್ತಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ನಾಲ್ಕನೆಯದರ ಬೆನ್ನಿಗೆ ಇನ್ನೊಂದು ಸೂಪರ್‌ನೋವಾ ತುರುಕಿ, ಐದನೆಯದನ್ನು ಪಾಳಿಯ ಕೊನೆಯ ಅಂಚಿಗೆ ತಳ್ಳಿದೆ. ಆಸೆಬುರುಕತನ, ಬೇರೇನೂ ಅಲ್ಲ.

ಅವತ್ತು ಎಲ್ಲ ಸುಸೂತ್ರ ನಡೆಯಿತು. ತುರುಕಿದ್ದೂ ಚೆನ್ನಾಗಿಯೇ ಬಂತು. ಐದನೆಯದರತ್ತ ತಿರುಗಿದೆವು, ಬೆಟ್ಟದ ಮೇಲೆ ಮಂಜು ಏರಿತು. ಅಲ್ಲಿನವರು ಟೆಲಿಸ್ಕೋಪಿನ ಗುಮ್ಮಟ ಮುಚ್ಚಿದರು. ಇಪ್ಪತ್ತೈದು ನಿಮಿಷ ನಾನು ಪರದೆ ನೋಡುತ್ತ ಕೂತಿದ್ದೆ. ಮತ್ತೆ ತೆರೆದಾಗ ಉಳಿದದ್ದು ಹದಿನೈದು ನಿಮಿಷ, ಬೇಕಿದ್ದದ್ದು ನಲವತ್ತು. ಬಂದದ್ದರಲ್ಲಿ ಏನೂ ತಿಳಿಯುವಂತಿರಲಿಲ್ಲ. ಟೆಲಿಸ್ಕೋಪ್ ಬೇರೆಯವರ ಪಾಳಿಗೆ ಹೋಯಿತು. ಕಾಕಾ ಹಾಕಿಕೊಟ್ಟಂತೆ ಮಾಡಿದ್ದರೆ ಮಂಜು ಬಂದರೂ ಅದು ಸಿಗುತ್ತಿತ್ತು.

ಸಂಜೆ ಅವರು ಬಾಗಿಲಲ್ಲೇ ನಿಂತಿದ್ದರು. "ಹೆಂಗಾತು ತಂಗಿ, ಗಾಡಿ ಎಲ್ಲಾ ಬಂದ್ವಾ?"

"ಬರೋಬರಿ ಬಂದ್ವರಿ ಕಾಕಾ."

ನಾಲಿಗೆ ಹಾಗೆ ತಿರುಗಿಬಿಟ್ಟಿತು. ಟೈಮು ಕೇಳಿದರೆ ಹೇಗೆ ಎಂಬ ಹೆದರಿಕೆಗೆ ಆಮೇಲೆ ಅವರ ಬಾಗಿಲು ತೆರೆದ ಸಪ್ಪಳವಾದರೆ ನಾನು ಒಳಗೇ ನಿಲ್ಲುತ್ತಿದ್ದೆ. ಹದಿನೈದು ದಿನ ಹೀಗೆಯೇ. ಒಂದು ಮುಂಜಾನೆ ಅವರು ಬೆಳಗಾವಿಗೆ ಮಗಳ ಮನೆಗೆ ಹೊರಡುವಾಗ ನನ್ನ ಬಾಗಿಲ ಚಿಲಕಕ್ಕೆ ಕೈಚೀಲ ಸಿಕ್ಕಿಸಿ ಹೋಗಿದ್ದರು. ಒಳಗೆ ಮಡಚಿದ ಗ್ರಾಫು, ಪೆನ್ಸಿಲ್ಲು. ತಿಂಗಳೊಳಗೆ ಅಲ್ಲಿಂದ ಸುದ್ದಿ ಬಂತು... ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲವಂತೆ.

ನಾಳೆ ಬೆಳಿಗ್ಗೆ ನನಗೆ ಆ ಟೆಲಿಸ್ಕೋಪಿನಲ್ಲಿ ಮತ್ತೆ ಅರ್ಧ ರಾತ್ರಿಯ ಪಾಳಿ ಇದೆ. ನಿಗಡಿ ಬಿಟ್ಟು ಬಂದ ಮೇಲಿನ ವಾಕಡದ ಈ ಮನೆಯಲ್ಲಿ ಕೂತು ಬೆಳಗಿನಿಂದ ಆ ಬೆಟ್ಟದ ಹವಾಮಾನ ಎಷ್ಟು ಸಲ ನೋಡಿದೆನೋ. ಚಹಾ ಆರಿದ ಮೇಲೆ ಹಾಳೆ ಬಿಚ್ಚಿದೆ. ಐದು ನೀಲಿ ಗೆರೆ, ಆ ಖಾಲಿ ಜಾಗ. ಮೂಲೆಯಲ್ಲಿ ಅವರ ಕೈಬರಹ, ಅದೂ ನೀಲಿಯಲ್ಲೇ: "ತಡಾ ಆಗಿದ್ರ ತಡಾನ ಹಾಕು ತಂಗಿ. ನಾ ಏನೂ ಅನ್ನಂಗಿಲ್ಲ."

ಗೊತ್ತಿತ್ತು ಅವರಿಗೆ. ಬಾಗಿಲ ಹಿಂದೆ ಉಸಿರು ಹಿಡಿದು ನಿಂತದ್ದೂ ಗೊತ್ತಿತ್ತೇನೋ. ಬಹಳ ಹೊತ್ತು ಅತ್ತೆ.

ಕೆಂಪು ತುದಿ ಚೂಪು ಮಾಡಿದೆ. ಅವತ್ತಿನ ಟೈಮುಗಳು ನನಗೆ ಬಾಯಿಪಾಠ. ಮೊದಲ ನಾಲ್ಕು ಹಾಕಿದೆ, ತುರುಕಿದ್ದನ್ನೂ ಹಾಕಿದೆ, ಮಂಜಿನ ಇಪ್ಪತ್ತೈದು ನಿಮಿಷವನ್ನೂ ಬಿಡಲಿಲ್ಲ. ಐದನೆಯದಕ್ಕೆ ಹದಿನೈದು ನಿಮಿಷದ ಗಿಡ್ಡ ಗೆರೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಹಾಳೆ ಕೈಯಲ್ಲಿ ಹಿಡಿದು ಬಾಗಿಲು ತೆರೆದೆ. ಎದುರು ಬಾಗಿಲಿಲ್ಲ, ಲಿಫ್ಟಿನ ಗೋಡೆ.